ಹದ್ದಿನ ಮರಿ, ಮನುಷ್ಯನ ಮಗು

ಇಂದಿನ ಚಿಂತನೆ.

ಕಳೆದ ಫೆಬ್ರವರಿಯಲ್ಲಿ ಒಂದು ಭಾನುವಾರ ಮಗಳನ್ನು ಕರೆದುಕೊಂಡು ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಿದ್ದೆ. ಆಫೀಸಿನ ಇಬ್ಬರು ಗೆಳೆಯರೂ ಜೊತೆಗಿದ್ದರು. 'ಶೋಲೆ' ಸಿನಿಮಾ ತೆಗೆದ ಬಂಡೆಗಳು ಎಂದರೆ ಎಲ್ಲರಿಗೂ ಗೊತ್ತು. 2012ರಲ್ಲಿ ಸರ್ಕಾರ ಇದನ್ನು ರಣಹದ್ದುಗಳ ಧಾಮವೆಂದು ಘೋಷಿಸಿತು. ದೂರದಲ್ಲೇ ನಿಂತು ದುರ್ಬೀನಿನಲ್ಲಿ ನೋಡಿದೆವು. ಕಡಿದಾದ ಬಂಡೆಯ ಮೇಲೆ ಸುಣ್ಣ ಸುರಿದಂತೆ ಹಿಕ್ಕೆಯ ಬಿಳಿ ಗುರುತು. ಅದರ ಮೇಲೆ ಕಡ್ಡಿಗಳ ಗೂಡು. ಗೂಡಿನಲ್ಲಿ ಒಂದೇ ಒಂದು ಮರಿ.

ಉದ್ದ ಕೊಕ್ಕಿನ ರಣಹದ್ದು ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ. ಗಂಡು, ಹೆಣ್ಣು ಎರಡೂ ಸರದಿಯ ಮೇಲೆ ಕಾವು ಕೊಡುತ್ತವೆ. ಎರಡೂ ಆಹಾರ ತಂದು, ಗಂಟಲಿನ ಚೀಲದಿಂದ ಕಕ್ಕಿ ಮರಿಗೆ ಉಣಿಸುತ್ತವೆ. ಅದು ರೆಕ್ಕೆ ಬಲಿತು ಹಾರುವವರೆಗೆ ತಿಂಗಳುಗಟ್ಟಲೆ ಈ ಕೆಲಸ.

ಗೆಳೆಯರಲ್ಲೊಬ್ಬರು, "ಥೂ, ಹೆಣ ತಿನ್ನೋ ಹಕ್ಕಿ" ಎಂದು ನಕ್ಕರು. ನಾನೂ ನಕ್ಕೆ.

ಬಸ್ಸಿನಲ್ಲಿ ಮಗಳು ಮೆಲ್ಲಗೆ ಕೇಳಿದಳು: "ಅಪ್ಪಾ, ಊರಲ್ಲಿ ತಾತ ಸತ್ತ ದನ ಎಳೀತಿದ್ರು ಅಂತ ಅಜ್ಜಿ ಹೇಳಿದ್ಲು. ತಾತನ್ನೂ ಜನ ಹಂಗೇ ಅಂತಿದ್ರಾ?"

ನನಗೆ ಮಾತು ಹೊರಡಲಿಲ್ಲ.

ಬಂಧುಗಳೇ, ಈ ಪ್ರಶ್ನೆಗೆ ಎರಡು ತಪ್ಪು ಉತ್ತರಗಳಿವೆ.

ಮೊದಲನೆಯದು: "ಹದ್ದು ಊರನ್ನು ಶುಚಿ ಮಾಡುತ್ತದೆ. ನಿಮ್ಮವರೂ ಹಾಗೆಯೇ. ಅದು ಪವಿತ್ರ ಸೇವೆ." ಹದ್ದಿನ ಮಟ್ಟಿಗೆ ಮಾತು ನಿಜ. ದನಗಳಿಗೆ ಚುಚ್ಚುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ, ಮೂತ್ರಪಿಂಡ ಕೆಡಿಸಿ ಕೊಂದಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸುವ ಹೊತ್ತಿಗೆ ನಮ್ಮ ದೇಶದ ಮೂರು ಜಾತಿಯ ರಣಹದ್ದುಗಳು ಬಹುಪಾಲು ಅಳಿದುಹೋಗಿದ್ದವು. ಹೆಣಗಳು ಬಯಲಲ್ಲಿ ಕೊಳೆತವು. ಅಸಹ್ಯವೆಂದವರಿಗೆ ಆಗ ಅದರ ಬೆಲೆ ತಿಳಿಯಿತು.

ಆದರೆ ಹದ್ದು ಹುಟ್ಟಿದ್ದೇ ಹದ್ದಾಗಿ. ಅದರ ಕೊಕ್ಕು, ಬೋಳು ಕತ್ತು, ಹೊಟ್ಟೆ ಎಲ್ಲವೂ ಅದಕ್ಕೇ ಇವೆ. ವಾಸೆಟ್ಠ ಸುತ್ತದಲ್ಲಿ ಭಗವಾನರು ಹೇಳಿದ್ದು ಇದನ್ನೇ: ಗಿಡಮರ, ಹುಳು, ಮೀನು, ಹಕ್ಕಿಗಳಲ್ಲಿ ಹುಟ್ಟಿನ ಗುರುತುಗಳು ಬೇರೆ ಬೇರೆ, ಮನುಷ್ಯರಲ್ಲಿ ಅಂಥ ಗುರುತಿಲ್ಲ. ನನ್ನ ಅಪ್ಪನ ಕೈಯಲ್ಲಿ ದನ ಎಳೆಯಲೆಂದು ಮಾಡಿದ ಉಗುರುಗಳಿರಲಿಲ್ಲ. ಹಗ್ಗವನ್ನು ಕೊಟ್ಟದ್ದು ಊರು. ಅದನ್ನು ಪವಿತ್ರವೆಂದು ಹೊಗಳಿದರೆ ಹಗ್ಗ ಇನ್ನಷ್ಟು ಬಿಗಿಯಾಗುತ್ತದೆ. ಬಾಬಾಸಾಹೇಬರು 1927ರಲ್ಲಿ ಮಹಾಡಿನಲ್ಲಿ ಸತ್ತ ದನದ ಮಾಂಸ ಬಿಡಿ ಎಂದರು. ಆ ಕೆಲಸ ಬಿಟ್ಟರೆ ಆದಾಯ ಹೋಗುತ್ತದೆ ಎಂದವರಿಗೆ, ಲಾಭವಿದ್ದರೆ ನೀವೇ ಮಾಡಿ ಎಂಬ ಧಾಟಿಯಲ್ಲಿ ಉತ್ತರ ಕೊಟ್ಟರು.

ಎರಡನೆಯ ತಪ್ಪು ಉತ್ತರ ನನ್ನದು: ಮುಚ್ಚಿಡುವುದು, ಜೊತೆಗೆ ನಗುವುದು. ಕೆಲಸ ಬಿಟ್ಟೆವು, ಸರಿ. ಆದರೆ ಆ ಕೆಲಸ ಮಾಡಿದವರನ್ನು ನೋಡುವ ಊರಿನ ಕಣ್ಣು ನನ್ನೊಳಗೆ ಉಳಿದಿತ್ತು. ಬೌದ್ಧನಾಗಿ ಪಂಚಶೀಲ ಹೇಳುವ ಬಾಯಿಯೇ ಅಪ್ಪನಿಗೆ ನಕ್ಕಿತ್ತು. ಇಂದಿಗೂ ಮ್ಯಾನ್‌ಹೋಲಿಗೆ ಇಳಿಯುವ ಅಣ್ಣನನ್ನು ಕಂಡು ಮೂಗು ಮುಚ್ಚಿಕೊಳ್ಳುವವನು ನಾನಾದರೆ, ನಾನು ಬಿಟ್ಟದ್ದು ಹಗ್ಗವನ್ನು ಮಾತ್ರ, ಜಾತಿಯನ್ನಲ್ಲ.

ಅಂದು ರಾತ್ರಿ ಮಗಳಿಗೆ ಹೇಳಿದೆ: "ಹೌದು ಕಂದಾ, ಅಂತಿದ್ರು. ತಪ್ಪು ತಾತಂದಲ್ಲ. ಇವತ್ತು ನಾನು ನಕ್ಕಿದ್ದು ತಪ್ಪು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮರಿ ದೊಡ್ಡದಾದ್ಮೇಲೆ ಹದ್ದೇ ಆಗುತ್ತೆ ಅಲ್ವಾ? ನಾನು ಏನು ಬೇಕಾದ್ರೂ ಆಗಬಹುದು" ಎಂದಳು. ವಾಸೆಟ್ಠ ಸುತ್ತವನ್ನು ಅವಳು ಓದಿಲ್ಲ.

ಇಂದಿನ ಅಭ್ಯಾಸ: ಮನೆಯ ಹಿರಿಯರೊಬ್ಬರು ಮಾಡುತ್ತಿದ್ದ, ನಾವು ಯಾರಿಗೂ ಹೇಳದ ಒಂದು ಕೆಲಸವನ್ನು ನೆನೆಯೋಣ. ಮಕ್ಕಳ ಮುಂದೆ ಅವರ ಹೆಸರು ಹಿಡಿದು ಹೇಳೋಣ. ಹೊಗಳಿಕೆ ಬೇಡ, ನಾಚಿಕೆಯೂ ಬೇಡ.

ಭವತು ಸಬ್ಬ ಮಂಗಲಂ. ಜೈ ಭೀಮ್.