ಅಕ್ಕ ತೆತ್ತ ಶುಲ್ಕ

ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದಕ್ಕೂ ಸರ್ಕಾರವೇ ದುಡ್ಡು ಕೊಡಬೇಕೇ, ನಮ್ಮ ಕಾಲದಲ್ಲಿ ಮಕ್ಕಳು ಪುಕ್ಕಟೆ ಬೆಳೆಯಲಿಲ್ಲವೇ ಎಂದು ಮದುವೆ ಮನೆಯ ಊಟದ ಸಾಲಿನಲ್ಲಿ ಹಿರಿಯರೊಬ್ಬರು ಕೇಳಿದರು. ನನಗೆ ಪ್ರಾಥಮಿಕ ಶಾಲೆಯಲ್ಲಿ ಜೊತೆಗೆ ಓದುತ್ತಿದ್ದ ಹುಡುಗಿಯೊಬ್ಬಳು ನೆನಪಾದಳು. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬರುತ್ತಿದ್ದಳು. ಅವನು ಅತ್ತರೆ ಮೇಷ್ಟ್ರು ಇಬ್ಬರನ್ನೂ ಹೊರಗೆ ಕಳಿಸುತ್ತಿದ್ದರು. ಕಿಟಕಿಯಾಚೆ ನಿಂತು ನಮ್ಮ ಮಗ್ಗಿ ಕೇಳಿಸಿಕೊಳ್ಳುತ್ತಿದ್ದಳು. ಹೊಲದಲ್ಲಿ ಕಳೆ ಕೀಳುವ ಕಾಲ ಬಂದರೆ ಅದೂ ಇಲ್ಲ. ಕೊನೆಗೊಂದು ದಿನ ಹಾಜರಿ ಕರೆಯುವಾಗ ಅವಳ ಹೆಸರು ಕೇಳಿಸುವುದೇ ನಿಂತಿತು.

ಆ ಕೂಸು ಪುಕ್ಕಟೆ ಬೆಳೆಯಲಿಲ್ಲ. ಅವನ ಪಾಲನೆಯ ಶುಲ್ಕವನ್ನು ಅಕ್ಕ ತನ್ನ ಓದಿನಿಂದ ತೆತ್ತಳು. ಅಕ್ಕ ಇಲ್ಲದ ಮನೆಗಳಲ್ಲಿ ಸೊಂಟ ಬಾಗಿದ ಅಜ್ಜಿ ತೆತ್ತಳು, ಅಜ್ಜಿಯೂ ಇಲ್ಲದ ಕಡೆ ತಾಯಿ ಕೂಲಿ ಬಿಟ್ಟು ತೆತ್ತಳು. ಯಾವ ಲೆಕ್ಕದ ಪುಸ್ತಕದಲ್ಲೂ ಬರೆಯದೆ ಇದ್ದದ್ದರಿಂದ ಅದು ಖರ್ಚು ಎಂದು ಯಾರಿಗೂ ಅನ್ನಿಸಲಿಲ್ಲ. ಸರ್ಕಾರ ಅಂಗನವಾಡಿಗೆ ಕೊಡುವ ಹಣವನ್ನು ಹೊಸ ಹೊರೆ ಎನ್ನುವವರು ಈ ಹಳೆಯ ಹೊರೆಯನ್ನು ಹೊತ್ತವರ ಮುಖ ನೋಡಬೇಕು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ತಿ. ನರಸೀಪುರಕ್ಕೆ. ಇವತ್ತು ರಾಜ್ಯದಲ್ಲಿ ಆ ಯೋಜನೆಯ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಊಟ, ಚುಚ್ಚುಮದ್ದು, ತೂಕ ನೋಡುವುದು ಎಲ್ಲರಿಗೂ ಗೊತ್ತು. ಅಲ್ಲಿ ಕಲಿಕೆಯೂ ನಡೆಯುತ್ತದೆ ಎಂಬುದು ಮಾತ್ರ ಯಾಕೋ ಇನ್ನೂ ನಮ್ಮ ಮನಸ್ಸಿಗೆ ಇಳಿದಿಲ್ಲ. ಹುಣಸೆ ಬೀಜವನ್ನೂ ಅವರೆ ಕಾಳನ್ನೂ ಬೇರೆ ಬೇರೆ ಗುಡ್ಡೆ ಮಾಡುವ ಮಗು ಲೆಕ್ಕದ ಬುಡವನ್ನೇ ಕಲಿಯುತ್ತಿರುತ್ತದೆ. 'ಚಿಲಿಪಿಲಿ' ಎಂಬ ಹೆಸರಿನ ಪಠ್ಯಕ್ರಮ ಇಂಥ ಆಟಗಳನ್ನೇ ಹೇಳುತ್ತದೆ. ಆದರೆ ಸ್ಲೇಟಿನ ಮೇಲೆ ಎಬಿಸಿಡಿ ಕಾಣದೆ ಇದ್ದರೆ ಅಪ್ಪ ಅಮ್ಮಂದಿರಿಗೆ ಸಮಾಧಾನವಿಲ್ಲ. ಸಾಲ ಮಾಡಿಯಾದರೂ ವ್ಯಾನ್ ಬರುವ ಎಲ್‌ಕೆಜಿಗೆ ಸೇರಿಸುತ್ತಾರೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಅಂಗನವಾಡಿಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯಲು 2024ರಲ್ಲಿ ಸರ್ಕಾರ ಹೊರಟದ್ದು ಈ ಆಸೆಯನ್ನು ಗುರುತಿಸಿಯೇ.

ಕಾನೂನಿನ ಕಡೆ ತಿರುಗಿದರೆ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. ನಮ್ಮ ಸಂವಿಧಾನದ ಮೂಲ 45ನೇ ವಿಧಿ ಹದಿನಾಲ್ಕು ತುಂಬುವವರೆಗಿನ ಎಲ್ಲ ಮಕ್ಕಳ ಶಿಕ್ಷಣದ ಮಾತಾಡಿತ್ತು. ಇಷ್ಟನೇ ವಯಸ್ಸಿನಿಂದ ಎಂಬ ಗೆರೆ ಅಲ್ಲಿರಲಿಲ್ಲ. 2002ರ 86ನೇ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು, ಜೊತೆಗೇ ಆರು ವರ್ಷದಲ್ಲಿ ಗೆರೆ ಎಳೆಯಿತು. ಆರರ ಕೆಳಗಿನವರಿಗೆ ಸಿಕ್ಕಿದ್ದು ರಾಜ್ಯ ಪ್ರಯತ್ನ ಮಾಡಬೇಕು ಎಂಬ ನಿರ್ದೇಶನ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಅದೇ ಗೆರೆಯ ಮೇಲೆ ನಡೆಯಿತು. ಮೆದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೆ ಆಗಿಬಿಡುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಬರೆದುಕೊಂಡಿದೆ. ಅಷ್ಟೆಲ್ಲ ಆಗಿ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಹಕ್ಕು ಶುರುವಾಗುತ್ತದೆ.

ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು ಹಕ್ಕಿನ ಭಾಷೆಯಲ್ಲಿ ಮಾತಾಡುವವಳಲ್ಲ. ಅವಳ ಚಿಂತೆಯೆಲ್ಲ ಗಡಿಯಾರದ್ದು. ಅಂಗನವಾಡಿ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ, ಶಿಫ್ಟ್ ಬಿಡುವುದು ಐದೂವರೆಗೆ. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಮಕ್ಕಳ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತಲ್ಲ ಎಂದೆ. "ಕೋಣೆ ಐತೆ ಆಂಟಿ. ಆ ಬಸ್ಸಲ್ಲಿ ನಿಂತ್ಕೊಳ್ಳೋಕೆ ಜಾಗ ಇಲ್ಲ, ಕೂಸು ಎತ್ಕೊಂಡು ಹೆಂಗೆ ಹತ್ಲಿ?" ಎಂದಳು. ಖಾಸಗಿ ಡೇ ಕೇರ್ ಕೇಳಿದ್ದು ಅವಳ ಸಂಬಳದ ಮೂರರಲ್ಲೊಂದು ಪಾಲು. ಕೆಲವು ತಿಂಗಳು ಹೇಗೋ ತಳ್ಳಿ, ಮಗಳನ್ನು ಊರಿಗೆ ಅತ್ತೆಯ ಬಳಿಗೆ ಕಳಿಸಿದಳು. ಸಹಾಯಧನ ಎಂದರೆ ರೂಪಾಯಿಯ ಲೆಕ್ಕ ಎಂದುಕೊಂಡಿದ್ದ ನಾನು ಅಂದಿನಿಂದ ಅದನ್ನು ಗಂಟೆಗಳಲ್ಲಿ ಅಳೆಯುತ್ತೇನೆ. ಒಂದೂವರೆ ಗಂಟೆಯ ಆ ಕೊರತೆ ತುಂಬಿದ್ದರೆ ತಾಯಿ ಮಗು ಒಂದೇ ಸೂರಿನಡಿ ಇರುತ್ತಿದ್ದರು.

ಹಳ್ಳಿಯ ಕಡೆ ಈ ದಾರಿಯಲ್ಲಿ ಒಂದು ಹೆಜ್ಜೆ ಬಿದ್ದಿದೆ. ಕೆಲಸದ ಜಾಗಕ್ಕೆ ಬರುವ ಹೆಂಗಸರ ಜೊತೆ ಐದು ಪುಟ್ಟ ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬಳನ್ನು ನೇಮಿಸಿ ಎಂದು 2005ರ ನರೇಗಾ ಕಾಯ್ದೆ ಹೇಳಿತ್ತು. ಕಾಗದದ ಮೇಲಿದ್ದ ಆ ಮಾತಿಗೆ ಕರ್ನಾಟಕ ಗೋಡೆ ಚಾವಣಿ ಕೊಡಲು ಹೊರಟಿತು. 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಘೋಷಣೆಯಾಯಿತು. ಆರು ತಿಂಗಳಿಂದ ಮೂರು ವರ್ಷದ ಕೂಸುಗಳಿಗೆ ಅದು. ಜಾಬ್ ಕಾರ್ಡ್ ಇರುವ ಊರಿನ ಹೆಂಗಸರೇ ತರಬೇತಿ ಪಡೆದು ನೋಡಿಕೊಳ್ಳುತ್ತಾರೆ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರರಿಂದ ಶುರುವಾಗುವುದರಿಂದ ಅದಕ್ಕೂ ಮುಂಚಿನ ದಿನಗಳೇ ತಾಯಿಗೆ ಅತ್ಯಂತ ಕಷ್ಟದವು. ಆ ದಿನಗಳಿಗೊಂದು ಜಾಗ ಬೇಕೆಂದು ಒಪ್ಪಿದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಶುಲ್ಕ ಇಳಿಸಿದ ಮಾತ್ರಕ್ಕೆ ಕಲಿಕೆ ಒಳ್ಳೆಯದಾಗುವುದಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯ 1997ರಲ್ಲಿ ದಿನಕ್ಕೆ ಐದು ಡಾಲರಿಗೆ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ತಂದಾಗ ತಾಯಂದಿರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಹೋದರು. ಮಕ್ಕಳ ಮೇಲಾದ ಪರಿಣಾಮ ಮಾತ್ರ ಎಲ್ಲ ಕಡೆ ಚೆನ್ನಾಗಿರಲಿಲ್ಲ ಎಂದು ಮುಂದೆ ಅರ್ಥಶಾಸ್ತ್ರಜ್ಞರು ತೋರಿಸಿದರು. ಒಳಗೆ ಕುಳಿತು ಮಗುವಿನ ಜೊತೆ ಮಾತಾಡುವವರು ಯಾರು, ಅವರ ಬದುಕು ಹೇಗಿದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ನಮ್ಮಲ್ಲಿ ಆ ಕೆಲಸ ಮಾಡುವವಳಿಗೆ ಸಿಗುವುದು ಗೌರವಧನ. ಮಕ್ಕಳಿಗೆ ಕಲಿಸಿ, ಉಣ್ಣಿಸಿ, ಗರ್ಭಿಣಿಯರ ಮನೆಗೆ ಹೋಗಿ, ಮೊಬೈಲಿನಲ್ಲಿ ವಿವರ ತುಂಬಿ, ಕರೆದ ಸಮೀಕ್ಷೆಗೆಲ್ಲ ಓಡುವ ಟೀಚರ್‌ಗೆ, ಜೊತೆಗಿರುವ ಸಹಾಯಕಿಗೆ, ಸಂಬಳ ಎಂಬುದಿಲ್ಲ. ಅಂದರೆ ಅಕ್ಕನ ಹೆಗಲಿನಿಂದ ಇಳಿದ ಹೊರೆಯ ಒಂದು ಪಾಲು ಇನ್ನೊಬ್ಬ ಬಡ ಹೆಣ್ಣಿನ ಹೆಗಲೇರಿದೆ. ಅಂಗನವಾಡಿ ಕಾರ್ಯಕರ್ತೆಯರು ಗ್ರ್ಯಾಚುಟಿಗೆ ಅರ್ಹರು ಎಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದನ್ನು ಜಾರಿಗೆ ತನ್ನಿ, ನಮ್ಮನ್ನು ಶಿಕ್ಷಕಿಯರೆಂದು ಗುರುತಿಸಿ ಎಂದು ಕೇಳಲು 2023ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂರಬೇಕಾಯಿತು. ಮೂರು ವರ್ಷದ ಮಗುವಿಗೆ ಮೊದಲ ಹಾಡು, ಮೊದಲ ಕಥೆ, ಮೊದಲ ಎಣಿಕೆ ಕಲಿಸುವವಳು ಶಿಕ್ಷಕಿಯಾಗದೆ ಇನ್ನೇನು? ತಿಂಗಳ ಮೊದಲ ದಿನ ಅವಳ ಖಾತೆಗೆ ಶಿಕ್ಷಕಿಯ ಸಂಬಳವೇ ಬೀಳಲಿ. ಕೇಂದ್ರದ ಬಾಗಿಲು ಸಂಜೆ ಆರರವರೆಗೆ ತೆರೆದಿಡಲು ಎರಡನೇ ಪಾಳಿಗೆ ಇನ್ನೊಬ್ಬಳನ್ನು ನೇಮಿಸಲಿ.