ಬಾಗುವಾ: ಋತುಚಕ್ರ ಫಲಪಟ್ಟಿಯಾದ ಬಗೆ

ಬೀಜಿಂಗಿನ ಹಳೆಯ ಗಲ್ಲಿಗಳಲ್ಲಿ ಅಳಿದುಳಿದಿರುವ ಸಿಹೆಯುವಾನ್ ಮನೆಗಳಿಗೆ ನಮ್ಮ ತೊಟ್ಟಿಮನೆಯದೇ ಜಾಯಮಾನ: ನಡುವೆ ಅಂಗಳ, ನಾಲ್ಕು ಕಡೆಗೂ ಕೋಣೆಗಳು. ಮನೆಯ ಹಿರಿಯರು ಇರುತ್ತಿದ್ದುದು ಉತ್ತರದ ಸಾಲಿನಲ್ಲಿ. ಆ ಸಾಲಿನ ಬಾಗಿಲು ಕಿಟಕಿಗಳೆಲ್ಲ ದಕ್ಷಿಣಕ್ಕೆ, ಅಂಗಳದ ಕಡೆಗೆ. ಬೀದಿಬಾಗಿಲು ಮಾತ್ರ ಮನೆಯ ನಡುಮಧ್ಯಕ್ಕೆ ಬರುವುದಿಲ್ಲ. ಗಲ್ಲಿಯ ಉತ್ತರ ಬದಿಯ ಮನೆಯಾದರೆ ಅದು ಆಗ್ನೇಯ ಮೂಲೆಯಲ್ಲಿರುತ್ತದೆ. ಫೆಂಗ್ ಶುಯಿ ಬಲ್ಲವರು ಇಂಥ ಮನೆಯನ್ನು ‘ಕಾನ್ ಮನೆ, ಶುನ್ ಬಾಗಿಲು’ ಎಂದು ಕರೆಯುತ್ತಾರೆ. ಕಾನ್ ಅಂದರೆ ನೀರು, ಅದರ ದಿಕ್ಕು ಉತ್ತರ. ಶುನ್ ಅಂದರೆ ಗಾಳಿ, ಅದರ ದಿಕ್ಕು ಆಗ್ನೇಯ.

ಬೀಜಿಂಗಿನ ಚಳಿಗಾಲದಲ್ಲಿ ಮಂಗೋಲಿಯಾದ ಕಡೆಯಿಂದ, ಅಂದರೆ ವಾಯವ್ಯದಿಂದ, ಮೈ ಕೊರೆಯುವ ಒಣಗಾಳಿ ಬೀಸುತ್ತದೆ. ಬೇಸಿಗೆಯಲ್ಲಿ ಮಳೆ ಹೊತ್ತ ಗಾಳಿ ಬರುವುದು ಆಗ್ನೇಯದಿಂದ. ಚಳಿಯ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಕೆಳಗೆ ಸಾಗುವುದರಿಂದ ಉತ್ತರದ ಸಾಲಿನ ಕೋಣೆಗಳ ಒಳಗೆ ಬಿಸಿಲು ಆಳಕ್ಕೆ ಬೀಳುತ್ತದೆ. ಹಿಂದಿನ ಗೋಡೆಯನ್ನು ಮುಚ್ಚಿ, ಮುಂದನ್ನು ಬಿಸಿಲಿಗೆ ತೆರೆದು, ಬೇಸಿಗೆಯ ಗಾಳಿಯ ಕಡೆಗೆ ಬಾಗಿಲಿಟ್ಟ ಮನೆ ಅದು. ಇಲ್ಲಿ ಚಿಹ್ನೆ ಹೇಳುವುದನ್ನೇ ಗೋಡೆಯೂ ಬಿಸಿಲೂ ಹೇಳುತ್ತವೆ. ಈ ಹೊಂದಾಣಿಕೆ ಎಲ್ಲಿಂದ ಬಂತು, ಎಲ್ಲಿ ತಪ್ಪಿತು ಎಂಬುದೇ ನನ್ನನ್ನು ಕಾಡುವ ಪ್ರಶ್ನೆ.

ಬಾಗುವಾ ಎಂದರೆ ಮೂರು ಗೆರೆಗಳ ಎಂಟು ಚಿಹ್ನೆಗಳು. ಒಂದೊಂದು ಗೆರೆಯೂ ಇಡಿಯಾಗಿರಬಹುದು, ನಡುವೆ ಕಡಿದಿರಬಹುದು. ಮೂರು ಗೆರೆಗೆ ಎಂಟೇ ಬಗೆ. ಎರಡೆರಡನ್ನು ಒಂದರ ಮೇಲೊಂದು ಪೇರಿಸಿದರೆ ಯೀಜಿಂಗ್ ಗ್ರಂಥದ 64 ಚಿಹ್ನೆಗಳು ಸಿಗುತ್ತವೆ. ಆ ಗ್ರಂಥಕ್ಕೆ ಸೇರಿದ ಪ್ರಾಚೀನ ವಿವರಣೆಗಳಲ್ಲಿ ಶುಓಗುವಾ ಎಂಬುದೊಂದಿದೆ. ಎಂಟು ಚಿಹ್ನೆಗಳಿಗೆ ಎಂಟು ದಿಕ್ಕು ಸಿಕ್ಕಿದ್ದು ಅಲ್ಲಿ. ಚಕ್ರ ಪೂರ್ವದ ಝೆನ್‌ನಿಂದ, ಅಂದರೆ ಗುಡುಗಿನಿಂದ ಶುರುವಾಗುತ್ತದೆ. ವಸಂತದ ಗುಡುಗಿಗೆ ಜೀವಜಾತವೆಲ್ಲ ಹೊರಡುತ್ತದೆ. ಆಗ್ನೇಯದ ಶುನ್ ದಾಟಿ ದಕ್ಷಿಣದ ಲೀಗೆ ಬಂದರೆ ಬೆಂಕಿ, ಬೆಳಕು, ನಡುಬೇಸಿಗೆ. ನೈಋತ್ಯದ ಕುನ್ ಪೊರೆಯುವ ಭೂಮಿ. ಪಶ್ಚಿಮದ ದುಯಿ ಸರೋವರ. ಅದು ಶರತ್ಕಾಲ, ಸುಗ್ಗಿಯ ಸಂತೋಷ. ವಾಯವ್ಯದ ಚಿಯೆನ್ ಆಕಾಶ. ಬೆಳಕು ಕತ್ತಲೆಗಳು ಸೆಣಸುವ ಜಾಗ. ಉತ್ತರದ ಕಾನ್ ಚಳಿಗಾಲ, ದಣಿವು, ವಿಶ್ರಾಂತಿ. ಈಶಾನ್ಯದ ಗೆನ್ ಬೆಟ್ಟ. ವರ್ಷ ಮುಗಿಯುವುದೂ ಮತ್ತೆ ಮೊದಲಾಗುವುದೂ ಅಲ್ಲೇ.

ಇದನ್ನು ನಿಧಾನವಾಗಿ ಓದಿದವರಿಗೆ ಈ ಅಷ್ಟಕೋನ ಒಂದು ಪಂಚಾಂಗ ಎಂಬುದು ಹೊಳೆಯದೆ ಇರದು. ಉತ್ತರ ಚೀನಾದ ಬೇಸಾಯಗಾರನ ವರ್ಷವನ್ನು ಅದು ದುಂಡಗೆ ಬರೆದಿಟ್ಟಿದೆ. ದಿಕ್ಕು ಅಲ್ಲಿ ಕಾಲದ ಇನ್ನೊಂದು ಮುಖ. ಫೆಂಗ್ ಶುಯಿಯವರು ಬಳಸುವ ಲುಒಪಾನ್ ದಿಕ್ಸೂಚಿಯಲ್ಲೂ ಇದರ ಗುರುತು ಉಳಿದಿದೆ. ಅದರ ಮುಖ್ಯ ಉಂಗುರದಲ್ಲಿ ತಲಾ 15 ಡಿಗ್ರಿಯ 24 ಮನೆಗಳಿವೆ. ಅವುಗಳಲ್ಲಿ ಬಾಗುವಾದ ಹೆಸರು ಹೊತ್ತವು ನಾಲ್ಕೇ, ಮೂಲೆಗಳವು. ಉಳಿದ 20 ಮನೆಗಳಲ್ಲಿರುವುದು ಚೀನಿಯರು ದಿನ, ತಿಂಗಳು, ವರ್ಷ ಎಣಿಸಲು ಬಳಸುತ್ತಿದ್ದ ಅಕ್ಷರಗಳು. ಸೂಜಿ ದಿಕ್ಕು ತೋರಿಸುತ್ತದೆ, ಉಂಗುರ ಕಾಲದ ಮಾತಾಡುತ್ತದೆ. ಆ ಕಾಲವನ್ನು ಕಿತ್ತುಹಾಕಿ, ಬರಿದಾದ ದಿಕ್ಕಿಗೆ ಹಣ, ಮದುವೆ, ಕೀರ್ತಿ, ಆಯುಸ್ಸುಗಳನ್ನು ಗಂಟುಹಾಕಿದ್ದೇ ತಪ್ಪಿನ ಮೂಲ ಎಂಬುದು ನನ್ನ ವಾದ. ಕಾಲ ಇರುವವರೆಗೆ ಚಿಹ್ನೆಯನ್ನು ಬಿಸಿಲಿನಲ್ಲಿ ಗಾಳಿಯಲ್ಲಿ ಒರೆಗೆ ಹಚ್ಚಬಹುದಿತ್ತು. ಅದು ಹೋದ ಮೇಲೆ ಒರೆಗಲ್ಲೇ ಇಲ್ಲ.

ಎರಡು ಜೋಡಣೆಗಳ ವಿಷಯ ನೋಡಿ. ಮೇಲೆ ಹೇಳಿದ್ದನ್ನು ಪರಂಪರೆ ವೆನ್ ರಾಜನ ಹೆಸರಿಗೆ ಕಟ್ಟಿದೆ. ಪುರಾಣಪುರುಷ ಫೂಶಿಯ ಹೆಸರಿನಲ್ಲಿ ಇನ್ನೊಂದಿದೆ; ಬಾಗಿಲ ಮೇಲೆ ತೂಗುಹಾಕುವ ಬಾಗುವಾ ಕನ್ನಡಿಯಲ್ಲಿರುವುದು ಸಾಮಾನ್ಯವಾಗಿ ಅದೇ. ಅದರಲ್ಲಿ ಆಕಾಶ ವಾಯವ್ಯದಲ್ಲಿಲ್ಲ, ದಕ್ಷಿಣದಲ್ಲಿದೆ. ಬೆಂಕಿ ಪೂರ್ವಕ್ಕೆ ಹೋಗಿದೆ. ಈ ಎರಡನೆಯದು ನಿಜಕ್ಕೂ ಚೀನಾದ ಬೌದ್ಧಿಕ ಲೋಕಕ್ಕೆ ಬಂದದ್ದು 11ನೇ ಶತಮಾನದ ಶಾವ್ ಯೊಂಗ್ ಎಂಬ ಚಿಂತಕನ ಮೂಲಕ. ಅವನ ಪರಂಪರೆಯ 64 ಚಿಹ್ನೆಗಳ ಚಿತ್ರವೇ 1703ರಲ್ಲಿ ಪಾದ್ರಿ ಬುವೇ ಕೈಯಿಂದ ಜರ್ಮನಿಯ ಲೈಬ್ನಿಜ್‌ಗೆ ತಲುಪಿ, ತನ್ನ ಸೊನ್ನೆ-ಒಂದರ ಗಣಿತವನ್ನು ಅವನು ಅದರಲ್ಲಿ ಕಂಡ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಚೀನಾದ ವಿದ್ವಾಂಸ ಹು ವೇ ಹಳೆಯ ಪಠ್ಯಗಳನ್ನು ಜಾಲಾಡಿ, ಈ ಚಿತ್ರಗಳು ಮೂಲ ಯೀಜಿಂಗ್‌ಗೆ ಸೇರಿದವಲ್ಲ, ದಾವೋ ಪಂಥದವರ ವಲಯದಿಂದ ಆಮೇಲೆ ಬಂದವು ಎಂದು ತೋರಿಸಿಕೊಟ್ಟ. ಒಂದು ಜೋಡಣೆ ಜಗತ್ತಿನ ಮೂಲಸ್ವರೂಪ, ಇನ್ನೊಂದು ಅದರ ನಡೆ ಎಂದು ಸಂಪ್ರದಾಯಸ್ಥರು ಸಮಾಧಾನ ಹೇಳುತ್ತಾರೆ. ಧ್ಯಾನಕ್ಕೆ ಅದು ಸುಂದರವಾದ ಉತ್ತರ. ಆದರೆ ದಕ್ಷಿಣದ ಗೋಡೆಯಲ್ಲಿ ಬೆಂಕಿಯ ಪ್ರಭಾವ ಇದೆಯೋ ಆಕಾಶದ್ದೋ ಎಂದು ಕೇಳುವ ಗೃಹಸ್ಥನಿಗೆ ಅದರಿಂದ ಏನೂ ಸಿಗುವುದಿಲ್ಲ.

ಲೆಕ್ಕ ಇನ್ನೂ ಸೂಕ್ಷ್ಮವಾದಂತೆ ಗೊಂದಲ ಇನ್ನೂ ದಟ್ಟವಾಗುತ್ತದೆ. ‘ಎಂಟು ಮನೆ’ ಪದ್ಧತಿಯಲ್ಲಿ ಹುಟ್ಟಿದ ವರ್ಷದಿಂದ ಪ್ರತಿಯೊಬ್ಬರಿಗೂ ಒಂದು ಚಿಹ್ನೆ ಬರುತ್ತದೆ. 1985ರ ಅಂಕಿಗಳನ್ನು ಕೂಡಿದರೆ 23, ಮತ್ತೆ ಕೂಡಿದರೆ 5. ಗಂಡಸಾದರೆ 11ರಿಂದ 5 ಕಳೆದು 6, ಅಂದರೆ ಚಿಯೆನ್. ಅವನು ‘ಪಶ್ಚಿಮದ ಗುಂಪು’. ಹೆಂಗಸಾದರೆ 5ಕ್ಕೆ 4 ಕೂಡಿ 9, ಅಂದರೆ ಲೀ. ಅವಳು ‘ಪೂರ್ವದ ಗುಂಪು’. ಇಬ್ಬರೂ ಗಂಡಹೆಂಡಿರಾಗಿದ್ದು, ಹಿಂದೆ ಹೇಳಿದ ಕಾನ್ ಮನೆಯಲ್ಲಿದ್ದರೆ, ಒಂದೇ ಸೂರು ಹೆಂಡತಿಗೆ ಶುಭ, ಗಂಡನಿಗೆ ಅಶುಭ. ಬೀಜಿಂಗಿನ ಚಳಿಗಾಳಿ ಇಬ್ಬರಿಗೂ ಒಂದೇ ದಿಕ್ಕಿನಿಂದ ಬೀಸುತ್ತದೆ ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಇನ್ನು ಅಮೆರಿಕದಲ್ಲಿ ಲಿನ್ ಯುನ್ ಜನಪ್ರಿಯಗೊಳಿಸಿದ ಪಂಥದಲ್ಲಿ ದಿಕ್ಸೂಚಿಯೇ ಇಲ್ಲ. ಬಾಗಿಲಲ್ಲಿ ನಿಂತು ನೋಡಿದರೆ ಎದುರಿನ ಎಡಮೂಲೆಯೇ ಹಣದ ಮೂಲೆ, ಅದು ಯಾವ ದಿಕ್ಕಾದರೂ ಸರಿ. ಋತುವಿನ ಕೊನೆಯ ಎಳೆಯೂ ಅಲ್ಲಿ ಕಡಿದುಹೋಯಿತು.

ಬೆಂಗಳೂರಿನಲ್ಲಿ ವಾಸ್ತುವಿನ ಜೊತೆಗೆ ಫೆಂಗ್ ಶುಯಿಯನ್ನೂ ಪಾಲಿಸುವ ಮನೆಗಳಿವೆ. ನಮ್ಮ ವಾಸ್ತುವಿಗೆ ಈಶಾನ್ಯ ದೇವಮೂಲೆ. ಚೀನಾ, ಜಪಾನುಗಳ ಪರಂಪರೆಯಲ್ಲಿ ಅದೇ ಈಶಾನ್ಯ ದೆವ್ವದ ಬಾಗಿಲು. ಕ್ಯೋಟೊ ನಗರದ ಆ ದಿಕ್ಕನ್ನು ಹಿಯೇ ಬೆಟ್ಟದ ಬೌದ್ಧ ವಿಹಾರ ಕಾಯುತ್ತದೆ ಎಂದು ಶತಮಾನಗಳಿಂದ ನಂಬಿದ್ದಾರೆ. ಎರಡನ್ನೂ ಒಟ್ಟಿಗೆ ನಂಬುವವರು ಈ ಒಂದು ಮೂಲೆಯ ಬಗ್ಗೆಯಾದರೂ ಕೂತು ಯೋಚಿಸಬೇಕು.

ಇದೆಲ್ಲ ಹೊರಗಿನವನ ತಕರಾರು ಎನ್ನುವಂತಿಲ್ಲ. ಚೀನಾದೊಳಗೇ ವಾಂಗ್ ಚೊಂಗ್ 1ನೇ ಶತಮಾನದಲ್ಲಿ ಮನೆಯ ಶುಭಾಶುಭದ ಲೆಕ್ಕವನ್ನು ಎತ್ತಿಕೊಂಡು ಖಂಡಿಸಿದ್ದ. ನನಗೆ ಎಲ್ಲಕ್ಕಿಂತ ಹತ್ತಿರದವನು ಇತಿಹಾಸಕಾರ, ಮಂತ್ರಿ ಸಿಮಾ ಗುವಾಂಗ್. ಅವನು ತನ್ನ 66ನೇ ವಯಸ್ಸಿನಲ್ಲಿ, ಹೂಳುವ ವಿಧಿಯ ಕುರಿತ ಪ್ರಬಂಧದಲ್ಲಿ ಮನೆತನದ ಘಟನೆಯೊಂದನ್ನು ಬರೆದಿದ್ದಾನೆ. ಹಿರಿಯರೊಬ್ಬರನ್ನು ಹೂಳಬೇಕಿತ್ತು. ಫೆಂಗ್ ಶುಯಿಯವನನ್ನು ಕೇಳದೆ ಇಂಥ ದೊಡ್ಡ ಕಾರ್ಯ ಮಾಡುವುದುಂಟೇ ಎಂದು ಕುಲದವರೆಲ್ಲ ಪಟ್ಟುಹಿಡಿದರು. ಅಣ್ಣ ಎದುರಾಡಲಿಲ್ಲ. ಸುತ್ತಲ ಊರವರು ನಂಬಿದ್ದ ಒಬ್ಬ ಹಳ್ಳಿಯ ಪಂಡಿತನನ್ನು ಕರೆಸಿ, ನಾನು ಹೇಳಿದಂತೆ ಹೇಳಿದರೆ 20,000 ನಾಣ್ಯ ಕೊಡುತ್ತೇನೆ, ಇಲ್ಲವಾದರೆ ಬೇರೆಯವರನ್ನು ಹುಡುಕುತ್ತೇನೆ ಎಂದ. ಪಂಡಿತ ಒಪ್ಪಿದ. ದಿನ, ಹೊತ್ತು, ಗುಂಡಿಯ ಆಳ ಅಗಲ, ಶವ ಹೋಗುವ ದಾರಿ ಎಲ್ಲವನ್ನೂ ಅಣ್ಣನೇ ಅನುಕೂಲ ನೋಡಿ ಗೊತ್ತುಮಾಡಿದ. ಪಂಡಿತ ಅದನ್ನೇ ಶಾಸ್ತ್ರದ ಪುಸ್ತಕಕ್ಕೆ ಹೊಂದಿಸಿ ಓದಿಹೇಳಿದ; ಎಲ್ಲರಿಗೂ ತೃಪ್ತಿಯಾಯಿತು. ಸಿಮಾ ಗುವಾಂಗ್ ಇದನ್ನು ಬರೆಯುವಾಗ ಆ ಅಣ್ಣನಿಗೆ 79 ವರ್ಷ, ದೊಡ್ಡ ಹುದ್ದೆಯಿಂದ ನಿವೃತ್ತ. ಕುಲದ 23 ಮಂದಿ ಸರ್ಕಾರಿ ಸೇವೆಯಲ್ಲಿದ್ದರು. ಶಾಸ್ತ್ರವನ್ನು ಜತನದಿಂದ ಪಾಲಿಸಿದ ಮನೆತನಗಳು ನಮಗಿಂತ ಹೆಚ್ಚು ಏಳಿಗೆ ಕಂಡಿಲ್ಲ ಎಂಬುದು ಅವನ ತೀರ್ಮಾನ.

ನಂಬಿಕೆಯಿಂದ ಮನಸ್ಸಿಗೆ ನೆಮ್ಮದಿ ಸಿಗುವುದಾದರೆ ಸಿಗಲಿ ಬಿಡಿ ಎನ್ನುವವರಿದ್ದಾರೆ. ಆ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೊಸ ಮನೆ ಹೊಕ್ಕುವ ಹೊತ್ತಿನ ಅಂಜಿಕೆ ನಿಜವಾದದ್ದು, ಅದಕ್ಕೆ ಆಸರೆ ಬೇಕು. ಆದರೆ ಅದೇ ನಂಬಿಕೆ ಮಗುವಿನ ಕಾಯಿಲೆಗೆ ಶೌಚಾಲಯದ ಜಾಗವನ್ನು ಕಾರಣ ಮಾಡುತ್ತದೆ, ವ್ಯಾಪಾರ ಮುಳುಗಿದವನಿಗೆ ತಪ್ಪು ನಿನ್ನ ಮನೆಯಲ್ಲೇ ಇತ್ತು ಎನ್ನುತ್ತದೆ. ಬಾಡಿಗೆ ಮನೆಯಲ್ಲಿರುವವರು ಗೋಡೆ ಒಡೆಸಲಾರರು, ಬಾಗಿಲು ತಿರುಗಿಸಲಾರರು. ಅವರಿಗೆ ಉಳಿಯುವುದು ಭಯ ಒಂದೇ. ನೊಂದವರ ಮೇಲೆ ಇನ್ನೊಂದು ಹೊರೆ ಹೇರುವ ಶಾಸ್ತ್ರವನ್ನು ನೆಮ್ಮದಿಯ ಹೆಸರಿನಲ್ಲಿ ನಾನು ಸಮರ್ಥಿಸಲಾರೆ.

ಎಂಟು ಚಿಹ್ನೆಗಳ ಮೇಲಿನ ನನ್ನ ಗೌರವ ಇದರಿಂದ ಕಡಿಮೆಯಾಗಿಲ್ಲ. ಗುಡುಗಿನಿಂದ ಹೊರಟು ಬೆಟ್ಟದಲ್ಲಿ ನಿಂತು ಮತ್ತೆ ಗುಡುಗಿಗೆ ಮರಳುವ ವರ್ಷವನ್ನು ಮೂರೇ ಗೆರೆಗಳಲ್ಲಿ ಹಿಡಿದ ಬುದ್ಧಿ ದೊಡ್ಡದು. ಆದರೆ ಅದು ತನ್ನ ನೆಲದ ಆಕಾಶ ನೋಡಿ ಬರೆದುಕೊಂಡದ್ದು. ಸಿಡ್ನಿಯಲ್ಲಿ ಮಧ್ಯಾಹ್ನದ ಸೂರ್ಯ ಉತ್ತರದಲ್ಲಿರುತ್ತಾನೆ. ದಕ್ಷಿಣದಲ್ಲಿ ಬೆಂಕಿಯನ್ನಿಟ್ಟ ಚಕ್ರವನ್ನು ಅಲ್ಲಿ ತಿರುಗಿಸಬೇಕೋ ಬೇಡವೋ ಎಂದು ಫೆಂಗ್ ಶುಯಿಯವರೇ ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ. ಮನೆ ಕಟ್ಟುವವರಲ್ಲಿ ನನ್ನದೊಂದು ಕೇಳಿಕೆ. ನಕ್ಷೆ ಕೈಗೆ ಬಂದಾಗ ನಿಮ್ಮ ಊರಿನ ಗಾಳಿ ಯಾವ ತಿಂಗಳಲ್ಲಿ ಎತ್ತಲಿಂದ ಬೀಸುತ್ತದೆ, ಮಳೆಯ ಇರಿಚಲು ಯಾವ ಗೋಡೆಗೆ ಹೊಡೆಯುತ್ತದೆ, ಏಪ್ರಿಲ್‌ನ ಮಧ್ಯಾಹ್ನದ ಬಿಸಿಲು ಯಾವ ಕಿಟಕಿಗೆ ಬೀಳುತ್ತದೆ ಎಂದು ಅಲ್ಲೇ ಬಾಳಿದ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಹಣದ ಮೂಲೆ ತೋರಿಸಲು ಬಂದವರನ್ನೂ ಇದೇ ಪ್ರಶ್ನೆ ಕೇಳಿ. ಉತ್ತರ ಸಿಗದಿದ್ದರೆ ಗೋಡೆಗೆ ಕೈ ಹಚ್ಚಲು ಬಿಡಬೇಡಿ.