ಸಾಕು ಎಂದವರು ಯಾರು?

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ನಮ್ಮ ಮಗ ಚಾವಡಿಯ ಗೋಡೆಗೆ 55 ಇಂಚಿನ ಹೊಸ ಟಿ.ವಿ.ಯೊಂದನ್ನು ತೂಗಹಾಕಿದನು. ಅದರ ಬೆನ್ನಿಗೇ, "ಅಪ್ಪಾ, ಇನ್ನು ಈ ರಿಸೀವರ್ ಆಗುವುದಿಲ್ಲ, ಬದಲಾಯಿಸಬೇಕು" ಎಂದನು. ಆತನು ಹೇಳಿದ್ದು 2011ರಲ್ಲಿ ತಾನೇ ತಂದುಕೊಟ್ಟ ಹೋಂ ಥಿಯೇಟರ್ ರಿಸೀವರಿನ ಕುರಿತು. ಅಂದಿನಿಂದ ಇಂದಿನವರೆಗೆ ಒಂದು ದಿನವೂ ಮುಷ್ಕರ ಹೂಡದೆ ದುಡಿದ ಕಪ್ಪು ಪೆಟ್ಟಿಗೆ ಅದು. ಧ್ವನಿ ಹೆಚ್ಚಿಸುವ ಗುಂಡಿಯನ್ನು ತಿರುಗಿಸುವಾಗ ಆಟಿ ತಿಂಗಳಲ್ಲಿ ಸ್ವಲ್ಪ ಕರಕರ ಎನ್ನುತ್ತದೆ. ಅದು ಪೆಟ್ಟಿಗೆಯ ದೋಷವಲ್ಲ, ನಮ್ಮ ಕಾಸರಗೋಡಿನ ಮಳೆಗಾಲದ ತೇವದ ಗುಣ. ಗುಡುಗು ಕೇಳಿದೊಡನೆ ಅದರ ಪ್ಲಗ್ಗನ್ನು ಕಿತ್ತಿಡುವ ಕೆಲಸವನ್ನು ನಾವು ಸಂಧ್ಯಾವಂದನೆಯಷ್ಟೇ ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದೇವೆ. ಆದ್ದರಿಂದ ನಮ್ಮ ಉತ್ತರ ಸಿದ್ಧವಾಗಿತ್ತು: "ನಮಗೆ ಇದೇ ಸಾಕು."

ಈ ಮೂರು ಪದಗಳನ್ನು ಪರಿಶೀಲಿಸುವುದೇ ಈ ಬರಹದ ಉದ್ದೇಶ.

ರಿಸೀವರ್ ಎಂದರೇನೆಂದು ತಿಳಿಯದ ಹಿರಿಯರಿಗಾಗಿ ಒಂದು ಮಾತು. ಸಿನಿಮಾದ ಧ್ವನಿಯನ್ನು ಬಿಡಿಸಿ, ಬಲಪಡಿಸಿ, ಬೇರೆ ಬೇರೆ ಸ್ಪೀಕರುಗಳಿಗೆ ಹಂಚಿಕೊಡುವ ಪೆಟ್ಟಿಗೆ ಅದು. ನಮ್ಮದು 5.1 ಬಗೆಯದು. ಮುಂದೆ ಎಡಬಲಕ್ಕೆ ಎರಡು, ನಡುವೆ ಒಂದು, ಕುಳಿತವರ ಪಕ್ಕಕ್ಕೆ ಎರಡು, ಹೀಗೆ 5 ಸ್ಪೀಕರುಗಳು. ಗುಡುಗು, ಸಿಡಿಲು, ಆನೆಯ ಹೆಜ್ಜೆ ಮೊದಲಾದ ಕೆಳಸ್ಥಾಯಿಯ ಸದ್ದಿಗೆಂದೇ ಇನ್ನೊಂದು ದಪ್ಪ ಪೆಟ್ಟಿಗೆ. ಬಿಂದುವಿನ ಮುಂದಿನ 1 ಅದನ್ನು ಸೂಚಿಸುತ್ತದೆ. ಬಹುಪಾಲು ಸಂಭಾಷಣೆ ನಡುವಿನ ಸ್ಪೀಕರಿನಿಂದ ಬರುತ್ತದೆ. ಉಳಿದವು ಹಿಮ್ಮೇಳ, ನಡುವಿನದು ಅರ್ಥಧಾರಿ ಎಂದರೆ ತಾಳಮದ್ದಳೆ ಬಲ್ಲ ನಮ್ಮವರಿಗೆ ಸುಲಭವಾಗಿ ತಿಳಿದೀತು.

ಮಗನ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಹೊಸ ಟಿ.ವಿ.ಯ 4ಕೆ ಚಿತ್ರವನ್ನು ನಮ್ಮ ಹಳೆಯ ಪೆಟ್ಟಿಗೆ ತನ್ನ ಎಚ್‌ಡಿಎಂಐ ತೂತಿನ ಮೂಲಕ ದಾಟಿಸಲಾರದು. 2012ರಲ್ಲಿ ಚಿತ್ರಮಂದಿರಗಳಿಗೂ 2014ರಲ್ಲಿ ಮನೆಗಳಿಗೂ ಬಂದ ಡಾಲ್ಬಿ ಅಟ್ಮೋಸ್ ಎಂಬ ವಿಧಾನವನ್ನು ಅದು ಅರಿಯದು. ಈ ವಿಧಾನದಲ್ಲಿ ಮಳೆಯ ಸದ್ದು ನೆತ್ತಿಯ ಮೇಲಿನಿಂದಲೇ ಕೇಳಿಸುತ್ತದಂತೆ. ಹಂಚಿನ ಮಾಡಿನ ಕೆಳಗೆ ವಾಸಿಸುವ ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಸೌಕರ್ಯ ಧರ್ಮಾರ್ಥವಾಗಿ ಒದಗುತ್ತಿದೆ ಎಂದು ನಾವು ಹೇಳಿದೆವು. ಮಗ ನಕ್ಕನು, ಆದರೆ ವಾದ ಬಿಡಲಿಲ್ಲ. ಹೊಸ ರಿಸೀವರಿನಲ್ಲಿ 100 ವ್ಯಾಟ್ ಶಕ್ತಿ, ಇದರಲ್ಲಿ 70 ಮಾತ್ರ ಎಂದನು. ಇಲ್ಲಿ ನಮ್ಮೊಳಗಿನ ಮಾಸ್ತರು ಎಚ್ಚೆತ್ತನು. ಶಬ್ದದ ಲೆಕ್ಕ ಅಡಿಕೆಯ ಲೆಕ್ಕದಂತಲ್ಲ. ಶಕ್ತಿ ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬೆಲ್. ಕಿವಿಗೆ ಸದ್ದು ಎರಡರಷ್ಟಾಯಿತೆಂದು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಹೆಚ್ಚಬೇಕು, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. 70ರಿಂದ 100ಕ್ಕೆ ಏರಿದರೆ ಸಿಗುವ ಲಾಭ ಒಂದೂವರೆ ಡೆಸಿಬೆಲ್. ಕಿವಿಗೊಟ್ಟು ಕೇಳಿದರೂ ಗೊತ್ತಾದರೆ ಪುಣ್ಯ. ಕಾಗದದ ಹಿಂಬದಿಯಲ್ಲಿ ಈ ಲೆಕ್ಕ ಮಾಡಿ ತೋರಿಸಿ ನಾವು ಗೆದ್ದೆವು.

ಗೆದ್ದ ಹುರುಪಿನಲ್ಲಿ ಸನ್ಯಾಸಿಯ ಕೌಪೀನದ ಕಥೆಯನ್ನೂ ಹೇಳಿದೆವು. ಕೌಪೀನವನ್ನು ಇಲಿ ಕಡಿಯಿತೆಂದು ಬೆಕ್ಕನ್ನು ತಂದನು, ಬೆಕ್ಕಿಗೆ ಹಾಲು ಬೇಕೆಂದು ಹಸುವನ್ನು ತಂದನು, ಹಸುವನ್ನು ನೋಡಿಕೊಳ್ಳಲೆಂದು ಮದುವೆಯಾದನು. ರಿಸೀವರ್ ಹಾಳಾದುದರಿಂದ ಹಳೆಯದಾಗಲಿಲ್ಲ, ಪಕ್ಕಕ್ಕೆ ಟಿ.ವಿ. ಬಂದುದರಿಂದ ಹಳೆಯದಾಯಿತು. ನಾಳೆ ಹೊಸ ರಿಸೀವರ್ ಬಂದೊಡನೆ ಸ್ಪೀಕರುಗಳು ಹಳೆಯದಾಗುತ್ತವೆ, ಬಳಿಕ ಚಾವಡಿಯೇ ಚಿಕ್ಕದಾಗುತ್ತದೆ. ದುಡಿಯುತ್ತಿರುವ ವಸ್ತುವನ್ನು ಕಸಕ್ಕೆ ಹಾಕುವುದು ಕೃತಘ್ನತೆ. ಅದರೊಳಗಿನ ಸೀಸ, ತಾಮ್ರ, ಪ್ಲಾಸ್ಟಿಕ್ಕುಗಳು ಯಾರದೋ ಗದ್ದೆಯ ಬದಿಗೆ ಹೋಗಿ ಬೀಳುವುದು ಪಾಪ. ಈ ಅಭಿಪ್ರಾಯಗಳನ್ನು ನಾವು ಇಂದಿಗೂ ಹಿಂದೆಗೆದುಕೊಳ್ಳುವುದಿಲ್ಲ. ಅವು ಸರಿಯಾದ ಮಾತುಗಳೇ. ಸರಿಯಾದ ಮಾತುಗಳನ್ನು ಆಡುತ್ತಲೇ ಮನುಷ್ಯನು ಎಷ್ಟು ತಪ್ಪಬಹುದು ಎಂಬುದು ನಮಗೆ ಆಮೇಲೆ ತಿಳಿಯಿತು.

ಮಗನೊಂದಿಗೆ ಬಂದಿದ್ದ ಮೊಮ್ಮಗಳಿಗೆ ಹನ್ನೊಂದು ವರ್ಷ. ರಾತ್ರಿ ಎಲ್ಲರೂ ಸಿನಿಮಾ ನೋಡುತ್ತಿರುವಾಗ ಅಜ್ಜಿಯೊಬ್ಬರು ಮಾತ್ರ ಹಿಂದಿನ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತ ಕುಳಿತಿರುವುದು ಅವಳ ಕಣ್ಣಿಗೆ ಬಿತ್ತು. ನಮ್ಮ ಕಣ್ಣಿಗೂ ಅದು ಬೀಳುತ್ತಿತ್ತು, ಮೂರು ನಾಲ್ಕು ವರ್ಷಗಳಿಂದ. ನಾವು ಅದಕ್ಕೊಂದು ಹೆಸರನ್ನೂ ಇಟ್ಟಿದ್ದೆವು: ವೈರಾಗ್ಯ. ಮನೆಗೆ ಬಂದ ನೆಂಟರೊಡನೆ, "ಅವಳಿಗೆ ಈಗೀಗ ಇವೆಲ್ಲ ಬೇಡ, ನಮಗೇ ಇನ್ನೂ ಚಪಲ" ಎಂದು ಮೆಚ್ಚುಗೆಯಿಂದಲೇ ಹೇಳುತ್ತಿದ್ದೆವು. ಮೊಮ್ಮಗಳು ಮಾತ್ರ ಹೋಗಿ, ಯಾಕೆ ಬರುವುದಿಲ್ಲವೆಂದು ಕೇಳಿದಳು. ಶ್ರೀಮತಿಯವರು ಹೇಳಿದರಂತೆ: "ಮಾತು ಮುಳುಗಿ ಹೋಗ್ತದೆ ಮಗಾ, ಬರೇ ಗುಡುಗು ಕೇಳ್ತದೆ."

ಈ ಮಾತು ನಮ್ಮ ಕಿವಿಗೆ ಬಿದ್ದಾಗ ಹಿಂದಿನ ವರ್ಷದ ಒಂದು ಊಟ ನೆನಪಾಯಿತು. ಬಡಿಸುತ್ತಿದ್ದ ಅವರಿಗೆ ನಾವು "ಸಾಕು" ಎಂದೆವು. ಅವರು ಇನ್ನೊಂದು ಸೌಟು ಅನ್ನ ಬಡಿಸಿದರು. ಪುನಃ "ಸಾಕು" ಎಂದಾಗ ಪುನಃ ಬಡಿಸಿದರು. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು, ನಾವೂ ನಕ್ಕೆವು, ಕೊನೆಗೆ ಅವರೂ ನಕ್ಕರು. ಅವರಿಗೆ ಕೇಳಿಸಿದ್ದು "ಹಾಕು" ಎಂದು. ಪ್ರಾಯವಾದಾಗ ಕಿವಿ ಮೊದಲು ಕಳೆದುಕೊಳ್ಳುವುದು ಮೇಲುಸ್ಥಾಯಿಯ ಸದ್ದುಗಳನ್ನು. ಸ, ಶ, ತ, ಕ ಮೊದಲಾದ ವ್ಯಂಜನಗಳನ್ನು ಗುರುತಿಸಲು ಬೇಕಾದ ಸುಳಿವುಗಳಿರುವುದು ಹೆಚ್ಚಾಗಿ ಅಲ್ಲೇ. ಸ್ವರಗಳು ಕೆಳಗಿನವು, ಅವು ಉಳಿಯುತ್ತವೆ. ಆದ್ದರಿಂದ ಇಂಥವರಿಗೆ ಸದ್ದು ಕೇಳುತ್ತದೆ, ಮಾತು ಕೇಳುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ವರ್ಣಮಾಲೆ ಕಲಿಸಿದ ನಮಗೆ, ನಮ್ಮ ಮನೆಯೊಳಗೇ ಒಬ್ಬರ ಪಾಲಿಗೆ ವ್ಯಂಜನಗಳು ಒಂದೊಂದಾಗಿ ಉದುರುತ್ತಿವೆ ಎಂಬುದು ತಿಳಿಯಲಿಲ್ಲ.

ಈಗ ಆ ಮೂರು ಪದಗಳಿಗೆ ಬರೋಣ. "ನಮಗೆ ಇದೇ ಸಾಕು" ಎಂದೆವಲ್ಲ, ಈ 'ನಮಗೆ' ಎಂಬುದರಲ್ಲಿ ಯಾರು ಯಾರಿದ್ದರು? ವೇದಿಕೆಯ ಮೇಲೆ, ಅರ್ಜಿಗಳಲ್ಲಿ, ವರದಿಗಳಲ್ಲಿ 'ನಾವು' ಎಂದೇ ಮಾತನಾಡಿ ನಮಗೆ ಅಭ್ಯಾಸ. ಈ ಬರಹವನ್ನೂ ಹಾಗೆಯೇ ಬರೆಯುತ್ತಿದ್ದೇವೆ. ಅದು ವಿನಯದ ಮಾತೆಂದು ತಿಳಿದಿದ್ದೆವು. ಆದರೆ ಅದರೊಳಗೆ ಇನ್ನೊಬ್ಬರನ್ನು ಕೇಳದೆಯೇ ಸೇರಿಸಿಕೊಂಡು, ಅವರ ಪರವಾಗಿ ರುಜು ಹಾಕುವ ಅಧಿಕಾರವೂ ಅಡಗಿದೆ. ಒಬ್ಬನು ತನ್ನ ಎಲೆಯ ಮುಂದೆ ಕುಳಿತು 'ಸಾಕು' ಎಂದರೆ ಅದು ಸಂಯಮ. ಪಕ್ಕದ ಎಲೆಗೂ ಸೇರಿಸಿ ಹೇಳಿದರೆ ಅದಕ್ಕೆ ಬೇರೆ ಹೆಸರಿದೆ.

ಗಡಿನಾಡಿನವರಾದ ನಮಗೆ ಇದು ಇಷ್ಟು ತಡವಾಗಿ ಹೊಳೆಯಬಾರದಿತ್ತು. 1956ರ ಬಳಿಕ ಕಾಸರಗೋಡಿನ ಕನ್ನಡಿಗರು ಅತಿ ಹೆಚ್ಚಾಗಿ ಕೇಳಿಸಿಕೊಂಡ ಪದ ಯಾವುದೆಂದರೆ, ಬಹುಶಃ ಇದೇ. ನಾವು ಮುಖ್ಯೋಪಾಧ್ಯಾಯರಾಗಿದ್ದಾಗ, ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರನ್ನು ಕೊಡಿರೆಂದು ಮೇಲಿನವರಿಗೆ ಬರೆದೆವು. ಇರುವವರು ಸಾಕು ಎಂಬ ಉತ್ತರ ಬಂದಿತು. ಉತ್ತರ ಬರೆದವರು ದುಷ್ಟರಾಗಿರಲಿಲ್ಲ. ಅವರ ಲೆಕ್ಕದಲ್ಲಿ ಮಕ್ಕಳ ಸಂಖ್ಯೆ, ಅಧ್ಯಾಪಕರ ಸಂಖ್ಯೆ, ಪೀರಿಯಡ್ಡುಗಳ ಸಂಖ್ಯೆ ಎಲ್ಲವೂ ತಾಳೆಯಾಗಿದ್ದವು. ಅಧ್ಯಾಪಕರು ಆಡುವ ಮಾತು ಮಕ್ಕಳಿಗೆ ತಿಳಿಯುತ್ತಿದೆಯೇ ಎಂಬ ಕಾಲಂ ಮಾತ್ರ ಆ ನಮೂನೆಯಲ್ಲಿ ಇರಲಿಲ್ಲ. ಅಂದು ನಮಗೆ ಬಂದ ಸಿಟ್ಟು ಇನ್ನೂ ಆರಿಲ್ಲ. ಆದರೂ ದೀಪಾವಳಿಯ ದಿನ ಕಾಗದದ ಹಿಂಬದಿಯಲ್ಲಿ ವ್ಯಾಟುಗಳನ್ನು ಡೆಸಿಬೆಲ್ಲುಗಳಿಗೆ ಇಳಿಸಿ ನಾವು ಬರೆದ ಉತ್ತರವೂ ಅದೇ ನಮೂನೆಯದು. ಲೆಕ್ಕ ಸರಿ, ಕಾಲಂ ಇಲ್ಲ.

ಮರುದಿನ, ಹದಿನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ, ರಿಸೀವರಿನ ಕೈಪಿಡಿಯನ್ನು ಬಿಚ್ಚಿ ಓದಿದೆವು. ಪಾಠಪುಸ್ತಕ ಓದದೆ ಬರುವ ವಿದ್ಯಾರ್ಥಿಗಳನ್ನು ಬೆಂಚಿನ ಮೇಲೆ ನಿಲ್ಲಿಸಿದವರು ನಾವು. ನಡುವಿನ ಸ್ಪೀಕರ್ ಎಲ್ಲಿದೆಯೆಂದು ಮೊಮ್ಮಗಳು ಹುಡುಕತೊಡಗಿದಳು. ಅದು ಟಿ.ವಿ.ಯ ಕೆಳಗಿನ ಕಪಾಟಿನಲ್ಲಿ, ಗಾಜಿನ ಬಾಗಿಲಿನ ಹಿಂದೆ ಇತ್ತು. ಬಾಗಿಲಿಗೂ ಸ್ಪೀಕರಿಗೂ ನಡುವೆ ಸಾಲಾಗಿ ನಿಂತಿದ್ದವು, ಸಂಘ ಸಂಸ್ಥೆಗಳು ನಮಗೆ ಸನ್ಮಾನ ಮಾಡಿ ಕೊಟ್ಟ ಸ್ಮರಣಿಕೆಗಳು. ಎಣಿಸಿದರೆ ಒಂಬತ್ತು. ಕೊಟ್ಟವರಲ್ಲಿ ಕೆಲವರು ಈ ಸಂಪುಟವನ್ನು ಓದುವವರೇ ಆಗಿರುವುದರಿಂದ ಈ ವಿಷಯದಲ್ಲಿ ಹೆಚ್ಚು ವಿಸ್ತರಿಸುವುದಿಲ್ಲ. ಅವನ್ನು ಬೇರೆಡೆಗೆ ಸಾಗಿಸಿದೆವು. ಗಾಜಿನ ಬಾಗಿಲನ್ನು ಕಳಚಿದೆವು. ಸ್ಪೀಕರನ್ನು ಮುಂದಕ್ಕೆಳೆದು, ಕುಳಿತವರ ಕಿವಿಯ ಕಡೆಗೆ ತುಸು ಮುಖ ಎತ್ತಿ ಇರಿಸಿದೆವು. ಕೈಪಿಡಿಯಲ್ಲಿ ಹೇಳಿದಂತೆ ನಡುವಿನ ಸ್ಪೀಕರಿನ ಮಟ್ಟವನ್ನು 4 ಡೆಸಿಬೆಲ್ ಏರಿಸಿ, ಗುಡುಗಿನ ಪೆಟ್ಟಿಗೆಯನ್ನು ಇಳಿಸಿದೆವು. ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣದನ್ನು ಎತ್ತಿಕೊಡುವ ಒಂದು ಏರ್ಪಾಡೂ ಅದರಲ್ಲಿತ್ತು, ನೆರೆಯವರಿಗೆ ತೊಂದರೆಯಾಗದಂತೆ ರಾತ್ರಿ ಕೇಳುವವರಿಗೆಂದು ಮಾಡಿದ್ದು. ಅದನ್ನೂ ಒತ್ತಿದೆವು. ಇನ್ನು 4ಕೆ ಸಮಸ್ಯೆ. ಚಿತ್ರ ನೇರವಾಗಿ ಟಿ.ವಿ.ಗೆ ಹೋಗಲಿ, ಧ್ವನಿ ಮಾತ್ರ ಅಲ್ಲಿಂದ ಒಂದು ಆಪ್ಟಿಕಲ್ ಕೇಬಲ್ಲಿನಲ್ಲಿ ರಿಸೀವರಿಗೆ ಬರಲಿ ಎಂದು ಮಗನೇ ದಾರಿ ಕಂಡನು. ಅಟ್ಮೋಸ್ ಸಿಗಲಿಲ್ಲ, 5.1 ಸಿಕ್ಕಿತು. ಖರ್ಚು ಒಂದು ಕೇಬಲ್ಲಿನದು.

ಆ ರಾತ್ರಿ ಸಿನಿಮಾ ಹಾಕಲಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಅರ್ಥಗಾರಿಕೆಯ ಹಳೆಯ ಕ್ಯಾಸೆಟ್ಟೊಂದು ಮನೆಯಲ್ಲಿತ್ತು. ಶ್ರೀಮತಿಯವರ ತವರಿನಿಂದ ಬಂದುದು ಅದು. ವೇಷವಿಲ್ಲ, ಕುಣಿತವಿಲ್ಲ, ಮಾತು ಕೇಳದಿದ್ದರೆ ತಾಳಮದ್ದಳೆಯಲ್ಲಿ ಉಳಿಯುವುದು ಚೆಂಡೆ ಮಾತ್ರ. ಅದನ್ನು ಹಾಕಿರೆಂದು ಅವರು ಕೇಳುವುದನ್ನು ನಿಲ್ಲಿಸಿ ಎಷ್ಟು ಕಾಲವಾಗಿತ್ತೆಂದು ನಮಗೆ ನೆನಪಿಲ್ಲ. ನಿಲ್ಲಿಸಿದ್ದು ಗಮನಕ್ಕೆ ಬಂದಿರಲೇ ಇಲ್ಲ. ಹಳೆಯ ರಿಸೀವರಿನ ಬೆನ್ನಿಗೆ ಕೆಂಪು ಬಿಳಿ ಪಿನ್ನುಗಳ ಸಾಲು ಇರುವುದರಿಂದ ಟೇಪ್ ಡೆಕ್ಕನ್ನು ಜೋಡಿಸುವುದು ಸುಲಭ. ಎಡಬಲಗಳಲ್ಲಿ ಒಂದೇ ಆಗಿರುವ ಧ್ವನಿಯನ್ನು ನಡುವಿನ ಸ್ಪೀಕರಿಗೆ ಕಳುಹಿಸುವ ಡಾಲ್ಬಿ ಪ್ರೊ ಲಾಜಿಕ್ ಎಂಬ ವಿಧಾನವೂ ಅದರಲ್ಲಿದೆ. ಒಂದೇ ಮೈಕಿನಲ್ಲಿ ಹಿಡಿದ ಕ್ಯಾಸೆಟ್ಟಿಗೆ ಅದು ಹೇಳಿ ಮಾಡಿಸಿದಂತೆ. ಶೇಣಿಯವರ ಕಂಠ ಚಾವಡಿಯ ನಡುವಿನಿಂದಲೇ ಎದ್ದಿತು. ಅವರು ಮಲ್ಲಿಗೆಯ ಬುಟ್ಟಿಯೊಂದಿಗೆ ಬಂದು ಕುಳಿತರು. ಕೈ ಕಟ್ಟುತ್ತಲೇ ಇತ್ತು, ಕೆಲವೆಡೆ ನಿಲ್ಲುತ್ತಿತ್ತು. ಒಂದು ಕಡೆ, ನಾವು ನಗುವುದಕ್ಕೆ ಮೊದಲೇ ಅವರು ನಕ್ಕರು.

ಹಾಗಾದರೆ ಹಳೆಯದೇ ಸಾಕೆಂಬ ನಮ್ಮ ಮಾತೇ ನಿಜವಾಯಿತಲ್ಲವೇ ಎಂದು ಕೇಳುವವರಿದ್ದಾರೆ. ಮಗನೂ ಹಾಗೆಯೇ ಹೇಳಿ ಕೈಮುಗಿದನು. ನಮಗೆ ಹಾಗೆ ಅನ್ನಿಸುವುದಿಲ್ಲ. ತಪ್ಪು ದಾರಿಯಲ್ಲಿ ಮಾಡಿದ ಲೆಕ್ಕಕ್ಕೂ ಕೆಲವೊಮ್ಮೆ ಸರಿಯುತ್ತರ ಬರುವುದುಂಟು. ಅಂಥದಕ್ಕೆ ನಾವು ಎಂದೂ ಪೂರ್ಣ ಅಂಕ ಕೊಟ್ಟವರಲ್ಲ. ಇಷ್ಟಾಗಿಯೂ ಸಿನಿಮಾದ ಮಾತು ಅವರಿಗೆ ಅರ್ಧದಷ್ಟು ಮಾತ್ರ ಹಿಡಿಯುತ್ತದೆ. ಸೋಸಿದ ನೀರನ್ನು ತೂತಾದ ಕೊಡಕ್ಕೆ ತುಂಬಿದಂತೆ, ಯಂತ್ರ ಎಷ್ಟು ಸ್ಪಷ್ಟವಾಗಿ ಕೊಟ್ಟರೂ ಕಿವಿ ಹಿಡಿದಿಡಲಾರದು. ಮಗನು ರಿಸೀವರಿಗೆಂದು ತೆಗೆದಿರಿಸಿದ ಹಣದಲ್ಲಿ ಶ್ರವಣ ಸಾಧನ ಕೊಳ್ಳೋಣವೆಂದು ನಾವು ಹೇಳಿದೆವು. ಅವರು ಹೇಳಿದ್ದೇನು? "ಈ ಪ್ರಾಯಕ್ಕೆ ಇನ್ನು ಅದೆಲ್ಲ ಯಾಕೆ, ಸಾಕು."

ಇಲ್ಲಿ ನಾವು ನಿಜವಾಗಿ ಸಿಕ್ಕಿಬಿದ್ದಿದ್ದೇವೆ. ಇದು ಅವರದೇ ಬಾಯಿಂದ ಬಂದ ಸಾಕು, ನಾವು ಪಕ್ಕದ ಎಲೆಗೆ ಹೇಳಿದ್ದಲ್ಲ. ಒಪ್ಪಿಕೊಳ್ಳಬೇಡವೇ? ಆದರೆ ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಂಡು ಐವತ್ತು ವರ್ಷ ಸಾಕೆಂದವರ ಬಾಯಲ್ಲಿ ಆ ಪದ ತೃಪ್ತಿಯೋ, ರೂಢಿಯೋ? ರೂಢಿಯೆಂದು ತೀರ್ಮಾನಿಸಿ ಬಲವಂತ ಮಾಡಿದರೆ ಪುನಃ ಅವರ ಪರವಾಗಿ ನಾವೇ ರುಜು ಹಾಕಿದಂತಾಯಿತು. ತೃಪ್ತಿಯೆಂದು ನಂಬಿ ಸುಮ್ಮನಿದ್ದರೆ, ಜಗಲಿಯಲ್ಲಿ ಕಂಡ ವೈರಾಗ್ಯವನ್ನೇ ಮತ್ತೆ ಕಂಡಂತಾಯಿತು. ಶಾಸ್ತ್ರಗಳಲ್ಲಿ ಅಪರಿಗ್ರಹವನ್ನು ಕುರಿತು ಬೇಕಾದಷ್ಟಿದೆ. ಇನ್ನೊಬ್ಬರ ಅಪರಿಗ್ರಹವನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದಕ್ಕೆ ನಮಗೆ ಪ್ರಮಾಣ ಸಿಕ್ಕಿಲ್ಲ. ಕೇಳುವುದೊಂದೇ ದಾರಿಯೆಂದು ತೋರಿ, ಎದುರಿಗೆ ಕುಳಿತು, ತುಟಿ ಕಾಣುವಂತೆ, ಕೆಲವು ದಿನ ಬಿಟ್ಟು ಬಿಟ್ಟು ಮೂರು ಬಾರಿ ಕೇಳಿದೆವು. ಎರಡು ಬಾರಿ ಬೇಡವೆಂದರು. ಮೂರನೆಯ ಬಾರಿ ಹೂವಿನ ಮಾಲೆಯನ್ನು ಬದಿಗಿಟ್ಟು ಒಂದು ಪ್ರಶ್ನೆ ಕೇಳಿದರು.

"ಅದನ್ನು ಕಿವಿಗೆ ಹಾಕಿದರೆ ಜಾಸ್ತಿ ಕೇಳುವುದು ಚೆಂಡೆಯೋ, ಮಾತೋ?"

ನಮಗೆ ಗೊತ್ತಿರಲಿಲ್ಲ, ಹಾಗೆಯೇ ಹೇಳಿದೆವು. ಬರುವ ಮಂಗಳವಾರ ಮಂಗಳೂರಿನ ಕಿವಿಯ ವೈದ್ಯರಲ್ಲಿಗೆ ಹೋಗಿ, ಈ ಪ್ರಶ್ನೆಯನ್ನು ಅವರೇ ಕೇಳುವುದೆಂದು ನಿಶ್ಚಯವಾಗಿದೆ. ರಿಸೀವರಿನ ವಿಚಾರ ಅಲ್ಲಿಂದ ಬಂದ ಮೇಲೆ.